ಬೋರ್ಡಿನ ಮೇಲಿನ ಅಕ್ಷರ

ಚಿ. ಪುಟ್ಟನಿಗೆ ಅತ್ತೆ ಮಾಡುವ ಆಶೀರ್ವಾದ.

ನಾನು ಕ್ಷೇಮ. ಮಂಡಿನೋವು ಇದ್ದದ್ದೇ. ಹೋದ ಸಲ ಬಂದಾಗ ‘ಕೂತಲ್ಲೇ ನೋಡ್ತಾ ಇರು, ಹೊತ್ತು ಹೋಗುತ್ತೆ’ ಅಂತ ನೀನು ಹಾಕಿಕೊಟ್ಟು ಹೋದ ಚೀನೀ ಧಾರಾವಾಹಿ ಮುಗಿಯಿತು. ಅಲ್ಲಿಗೇ ಬಿಡುವವಳೇ ನಾನು? ಅದರ ಮೂಲ ಕಾದಂಬರಿ ‘ದಿ ರಿಟರ್ನ್ ಆಫ್ ದ ಕಾಂಡೋರ್ ಹೀರೋಸ್’ನ ಅನುವಾದವನ್ನೂ ಸಿಕ್ಕಷ್ಟು ಓದಿದೆ. ಜಿನ್ ಯೋಂಗ್ ಅದನ್ನು 1959ರಲ್ಲಿ ಹಾಂಗ್‌ಕಾಂಗಿನಲ್ಲಿ ತನ್ನದೇ ಪತ್ರಿಕೆ ‘ಮಿಂಗ್ ಪಾವ್’ ಶುರುಮಾಡಿದ ದಿನದಿಂದ ಕಂತುಕಂತಾಗಿ ಬರೆದನಂತೆ, 1961ರವರೆಗೆ. ಆ ಪುಣ್ಯಾತ್ಮನ ಓದುಗರು ದಿನಾ ಬೆಳಿಗ್ಗೆ ಹೇಗೆ ಕಾಯುತ್ತಿದ್ದರೋ.

ಮೊನ್ನೆ ಫೋನಿನಲ್ಲಿ ನೀನು, ಮೆಚ್ಚಿದವನು ಬೇರೆಯವಳನ್ನು ಮದುವೆಯಾದ ಅಂತ ಕೊಲೆಗಿಳಿಯುವ ಆ ಕಥೆಯ ಹೆಂಗಸನ್ನು ಹಿಡಿದು, ‘ಲಿ ಮೋಚೌ ಮಾಡಿದ್ದರಲ್ಲಿ ತಪ್ಪೇನು ಅತ್ತೆ, ಅವಳಿಗೂ ಮೋಸ ಆಗಿತ್ತಲ್ಲ’ ಅಂದೆ. ನಾನು ನಕ್ಕು ಮಾತು ಮರೆಸಿದೆ. ಆಮೇಲೆ ನಿನ್ನಮ್ಮ ಬೇರೆ ಸಂಗತಿ ಹೇಳಿದಳು. ನೀನು ವುಶು, ಅದೇ ಆ ಚೀನೀ ಸಮರಕಲೆಯ ತರಗತಿಗೆ ಹೋಗುವುದು ಬಿಟ್ಟಿದ್ದೀಯಂತೆ. ರಾತ್ರಿ ಹನ್ನೊಂದರ ಮೇಲೆ ತಾರಸಿಯಲ್ಲಿ ಒಬ್ಬನೇ ಪಂಚಿಂಗ್ ಬ್ಯಾಗ್ ಗುದ್ದುತ್ತೀಯಂತೆ, ಗೆಣ್ಣಿನ ಚರ್ಮ ಕಿತ್ತುಬಂದರೂ ನಿಲ್ಲಿಸುವುದಿಲ್ಲವಂತೆ. ಜೋಡಿ ವರಸೆಯಲ್ಲಿ ನಿನ್ನ ಎದುರಿಗೆ ನಿಲ್ಲುತ್ತಿದ್ದ ಆ ಹುಡುಗಿ ‘ಇಲ್ಲ’ ಅಂದಳು, ಈಗ ಅವಳ ನಿಶ್ಚಿತಾರ್ಥವೂ ಆಯಿತು ಅನ್ನುವುದನ್ನೂ ಹೇಳಿದಳು. ನಿನ್ನಮ್ಮನ ಮೇಲೆ ಸಿಟ್ಟಾಗಬೇಡ, ತಾಯಿ ಹೊಟ್ಟೆ. ಅದಕ್ಕೇ ಈ ಕಾಗದ.

ಮೊದಲು ನಿನ್ನ ವಾದವನ್ನೇ ಹಿಡಿಯೋಣ. ಧಾರಾವಾಹಿಯವರು ಮೋಚೌಳ ಪ್ರೇಮವನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸಿದ್ದಾರೆ, ಮಳೆ, ಕೊಳಲು, ಎಲ್ಲ ಸೇರಿಸಿ. ಕಾದಂಬರಿಯಲ್ಲಿ ಅವಳು ಮೆಚ್ಚಿದ್ದ ಆ ಲು ಝಾನ್‌ಯುವಾನ್ ಒಮ್ಮೆಯೂ ನಮ್ಮ ಕಣ್ಣೆದುರು ಬರುವುದೇ ಇಲ್ಲ. ಕಥೆ ಶುರುವಾಗುವಾಗಲೇ ಸತ್ತಿರುತ್ತಾನೆ. ಅವನು ಬೇರೆಯವಳನ್ನು ಮದುವೆಯಾದ ದಿನ ಗಲಾಟೆಗೆ ಬಂದವಳನ್ನು ದಾಲಿ ರಾಜ್ಯದ ಒಬ್ಬ ಬೌದ್ಧ ಭಿಕ್ಷು ತಡೆದು, ಹತ್ತು ವರ್ಷ ಆ ದಂಪತಿಯ ತಂಟೆಗೆ ಹೋಗಬಾರದು ಅಂತ ಮಾತು ತೆಗೆದುಕೊಂಡಿದ್ದ. ಅವಳು ಮಾತು ಉಳಿಸಿಕೊಂಡಳು ನೋಡು! ಹತ್ತು ವರ್ಷ ದಿನ ಎಣಿಸಿ, ಜಿಯಾಶಿಂಗ್‌ಗೆ ಬಂದು, ಲು ಮನೆಯ ಗೋಡೆಯ ಮೇಲೆ ಒಂಬತ್ತು ರಕ್ತದ ಅಂಗೈ ಗುರುತು ಒತ್ತಿ ಹೋದಳು. ಕೊಲ್ಲಬೇಕಾದವರ ತಲೆಗೊಂದು ಗುರುತು. ಮೇಲಿನ ಸಾಲಿನ ಎರಡು ಯಾರಿಗೆ ಗೊತ್ತೇ? ಆಗಲೇ ಮಣ್ಣಾಗಿದ್ದ ಗಂಡ ಹೆಂಡತಿಗೆ. ಆ ಪುಟ ಓದುವಾಗ ನನಗೆ ಭಯವಾಗಲಿಲ್ಲ, ಅಯ್ಯೋ ಅನ್ನಿಸಿತು. ಸತ್ತವರ ಲೆಕ್ಕವನ್ನೂ ಬಿಡದೆ ಬರೆದಿಟ್ಟುಕೊಂಡ ಬಡಪಾಯಿ ಜಮಾಖರ್ಚಿನವಳ ಹಾಗೆ ಕಂಡಳು.

ಅವಳ ಹೆಸರಿನ ಅರ್ಥ ನಿನಗೆ ಗೊತ್ತಿರಬಹುದು. ‘ಮೋಚೌ’ ಅಂದರೆ ದುಃಖಪಡಬೇಡ ಅಂತ.

ಅವಳ ಕೊಲೆಗಳನ್ನೆಲ್ಲ ಇಲ್ಲಿ ಎಣಿಸುವುದಿಲ್ಲ. ಒಂದನ್ನು ಮಾತ್ರ ಬಿಡಲಾರೆ. ಲು ಮದುವೆಯಾದ ಹುಡುಗಿಯ ಹೆಸರು ಹೆ ಯುವಾನ್‌ಜುನ್. ‘ಹೆ’ ಮನೆತನದ ಹೆಸರು ಅನ್ನುವ ಒಂದೇ ಕಾರಣಕ್ಕೆ, ಸಂಬಂಧವೇ ಇಲ್ಲದ ಒಂದು ಮನೆಯ 20ಕ್ಕೂ ಹೆಚ್ಚು ಜನರನ್ನು ಕೊಂದಳು. ‘ಯುವಾನ್’ ಅನ್ನುವ ಅಕ್ಷರ ಬೋರ್ಡಿನ ಮೇಲೆ ಇತ್ತು ಅಂತ ಆ ಹೆಸರಿನ ನದಿಯುದ್ದಕ್ಕೂ 63 ದೋಣಿ ವ್ಯಾಪಾರದ ಮಳಿಗೆ, ಗೋದಾಮುಗಳನ್ನು ನಾಶಮಾಡಿದಳು. ನದಿಯ ಹೆಸರೇ ಅದು ಕಣೋ, ಅಂಗಡಿಯವರು ಇನ್ನೇನು ಬರೆಸಿಕೊಳ್ಳಬೇಕಿತ್ತು? ನೀನು ಇದನ್ನು ಓದಿ ‘ಎಂಥ ಕಿಚ್ಚು’ ಅಂದಿರುತ್ತೀ. ನನಗೆ ಮಾತ್ರ ನಾಚಿಕೆಯಾಯಿತು. ಯಾಕೆ ಅಂತ ಹೇಳುತ್ತೇನೆ, ನಿನ್ನಪ್ಪನಿಗೆ ಹೇಳಬೇಡ.

ಕಾಲೇಜಿನ ಎರಡನೆಯ ವರ್ಷ ನಾನೂ ಒಬ್ಬನನ್ನು ಮೆಚ್ಚಿದ್ದೆ. ಅವನಿಗೆ ಗೊತ್ತಿತ್ತು, ಬೇಕಿರಲಿಲ್ಲ. ಅಷ್ಟೇ ಕಥೆ. ಆದರೆ ನನ್ನ ಬಸ್ಸಿನ ಬೋರ್ಡಿನ ಮೇಲೆ ಅವನ ಊರಿನ ಹೆಸರು ಇರುತ್ತಿತ್ತು, ಕಾಲೇಜು ಮುಂದೆ ಹಾದು ಅದು ಅಲ್ಲಿಗೇ ಹೋಗುತ್ತಿದ್ದದ್ದು. ನಾನು ಆ ಬಸ್ಸನ್ನು ಬಿಟ್ಟುಬಿಡುತ್ತಿದ್ದೆ. ಮುಂದಿನದು ಬರಲು ಮುಕ್ಕಾಲು ಗಂಟೆ. ಒಂದೂವರೆ ವರ್ಷ ಹೀಗೆ ಮಾಡಿದೆ ಪುಟ್ಟ, ಮೊದಲ ಪಾಠ ತಪ್ಪಿಸಿಕೊಂಡು, ಬಿಸಿಲಲ್ಲಿ ನಿಂತು. ಕಂಡಕ್ಟರ್ ಪಾಪ, ‘ಹತ್ತಮ್ಮಾ’ ಅಂತ ಕೂಗುತ್ತಿದ್ದ. ನಾನು ಕೇಳಿಸದವಳ ಹಾಗೆ ಆಚೆ ನೋಡುತ್ತಿದ್ದೆ. ನನ್ನ ಕೈಗೂ ಮೋಚೌಳ ವಿಷದ ಸೂಜಿ ಕೊಟ್ಟಿದ್ದರೆ ಏನು ಮಾಡುತ್ತಿದ್ದೆನೋ! ವಿದ್ಯೆ ಇರಲಿಲ್ಲ, ಬಸ್ಸು ಉಳಿಯಿತು.

ವಿಷದ ಸೂಜಿ ಅಂದೆನಲ್ಲ, ಆ ಬೆಳ್ಳಿ ಸೂಜಿಗಳ ಸಂಗತಿ ಗಮನಿಸಿದೆಯಾ? ಕಥಾನಾಯಕ ಯಾಂಗ್ ಗುವೊ, ಆಗಿನ್ನೂ ಹುಡುಗ, ನೆಲದಲ್ಲಿ ಬಿದ್ದಿದ್ದನ್ನು ಚೆನ್ನಾಗಿದೆ ಅಂತ ಎತ್ತಿಕೊಂಡ ಅಷ್ಟೇ, ಯಾರೂ ಎಸೆದಿರಲಿಲ್ಲ, ಅಂಗೈ ಕಪ್ಪಿಟ್ಟಿತು.

ಇನ್ನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು. ಮೋಚೌ ವಿದ್ಯೆ ಕಲಿತದ್ದು ಝೊಂಗ್‌ನಾನ್ ಬೆಟ್ಟದ ಸಮಾಧಿಯೊಳಗಿನ ಪಂಥದಲ್ಲಿ. ಆ ಪಂಥವನ್ನು ಕಟ್ಟಿದ ಲಿನ್ ಚಾವ್‌ಯಿಂಗ್ ಕೂಡ ಕೈಗೂಡದ ಪ್ರೀತಿಯವಳೇ. ಪಕ್ಕದ ತಾವೋ ಮಠದ ವಾಂಗ್ ಚೋಂಗ್‌ಯಾಂಗ್‌ನನ್ನು ಮೆಚ್ಚಿದ್ದಳು, ಕೂಡಿ ಬರಲಿಲ್ಲ. ಅವಳೂ ಸಿಟ್ಟಾದಳು. ಸಮಾಧಿಯೊಳಗೆ ಕೂತು ಅವನ ಪಂಥದ ಒಂದೊಂದು ವರಸೆಗೂ ಅದನ್ನು ಮುರಿಯುವ ಪ್ರತಿವರಸೆ ಕಟ್ಟಿದಳು. ಅಲ್ಲಿಯವರೆಗೆ ಮೋಚೌಗೂ ಅವಳಿಗೂ ವ್ಯತ್ಯಾಸವಿಲ್ಲ. ಆದರೆ ಅವಳ ವಿದ್ಯೆಯ ಕೊನೆಯ ಅಧ್ಯಾಯದಲ್ಲಿ ಒಂದು ಕತ್ತಿವರಸೆ ಇದೆ. ಒಬ್ಬರೇ ಆಡಿದರೆ ಅರ್ಥವೇ ಆಗುವುದಿಲ್ಲ, ಎಲ್ಲೆಲ್ಲೂ ಖಾಲಿ ಬಿಟ್ಟ ಹಾಗಿರುತ್ತದೆ. ಪಕ್ಕದಲ್ಲಿ ಒಬ್ಬ ಅವನ ಪಂಥದ ಕತ್ತಿವರಸೆ ಆಡಿದಾಗ ಮಾತ್ರ ಇವಳ ಖಾಲಿ ಜಾಗಗಳು ತುಂಬುತ್ತವೆ, ಇವನ ಬೆನ್ನನ್ನು ಅವಳು, ಅವಳ ಬೆನ್ನನ್ನು ಇವನು ಕಾಯುತ್ತಾರೆ. ಸೋಲಿಸಲೆಂದು ಕೂತವಳು ಕೊನೆಗೆ ಅವನಿಗೆ ಜಾಗ ಬಿಟ್ಟು ಬರೆದಳು. ಅವನು ಬರಲೇ ಇಲ್ಲ. ಆದರೆ ಮುಂದೆ ಯಾವುದೋ ಕಾಲಕ್ಕೆ ಅದೇ ಪಂಥದ ಕಥಾನಾಯಕಿ ಶಿಯಾವ್‌ಲೊಂಗ್‌ನ್ಯು ಮತ್ತು ಯಾಂಗ್ ಗುವೊ ಆ ಜಾಗದಲ್ಲಿ ನಿಂತರು, ಪ್ರಾಣ ಉಳಿಸಿಕೊಂಡರು. ಒಂದೇ ಪಂಥ, ಒಂದೇ ನೋವು. ಒಬ್ಬಳು ಜೋಡಿ ವರಸೆ ಬಿಟ್ಟು ಹೋದಳು, ಇನ್ನೊಬ್ಬಳು ಮುಟ್ಟಿದವರ ಕೈ ಕಪ್ಪಾಗಿಸುವ ಸೂಜಿ.

ಮೋಚೌ ಕಲ್ಲು ಅಂತ ನಾನು ಹೇಳುವುದಿಲ್ಲ. ಅವಳು ಲುಗೆ ಕೊಟ್ಟ ಕರವಸ್ತ್ರದಲ್ಲಿ ಕೆಂಪು ಹೂವು ತಾನು, ಹಸಿರೆಲೆ ಅವನು. ಚೀನೀ ಭಾಷೆಯಲ್ಲಿ ಹಸಿರಿಗೂ ಅವನ ಮನೆತನದ ಹೆಸರಿಗೂ ಹತ್ತಿರದ ಉಚ್ಚಾರ. ಅಂಥ ಕಸೂತಿ ಹಾಕಿದ ಕೈ ಅದು. ಕೂಸು ಗುವೊ ಶಿಯಾಂಗ್‌ಳನ್ನು ಅಪಹರಿಸಿದಾಗ ಹಾಲಿಲ್ಲದೆ ಹೆಣ್ಣು ಚಿರತೆಯನ್ನು ಕಟ್ಟಿಹಾಕಿ ಹಾಲು ಕುಡಿಸಿದಳಲ್ಲ, ಆ ದಿನಗಳಲ್ಲಿ ಅವಳ ಮುಖ ನೋಡಬೇಕಿತ್ತು. ಯಾರೂ ಅವಳಿಂದ ಪ್ರೀತಿ ಕಿತ್ತುಕೊಂಡಿರಲಿಲ್ಲ. ಇತ್ತು, ಅಷ್ಟೂ ಇತ್ತು. ಲು ಹೆಸರಿನ ಖಾತೆಗೇ ಹೋಗಬೇಕು ಅನ್ನುವುದು ಅವಳ ಹಟ. ಆ ಹಟದಲ್ಲೇ ಸತ್ತ ಲು, ಅವನ ಹೆಂಡತಿ ಇಬ್ಬರ ಬೂದಿಯನ್ನೂ ಬೇರೆ ಮಾಡಿದಳು, ಒಂದನ್ನು ಹುವಾ ಪರ್ವತದ ತುದಿಯಲ್ಲಿ ತೂರಿ, ಇನ್ನೊಂದನ್ನು ಪೂರ್ವ ಸಮುದ್ರಕ್ಕೆ ಸುರಿದು. ಅಷ್ಟು ದೂರ ನಡೆದವಳು ಯಾರು? ಸತ್ತವರಂತೂ ನಡೆಯಲಿಲ್ಲ.

ಸಾಯುವಾಗ ಬೆಂಕಿಯೊಳಗೆ ನಿಂತು ಅವಳು ಹಾಡುವ ಪದ್ಯವನ್ನು ನೀನು ಸ್ಟೇಟಸ್‌ಗೆ ಹಾಕಿಕೊಂಡಿದ್ದೀಯಂತೆ, ಒಲವೆಂದರೆ ಏನು ಅಂತ ಲೋಕವನ್ನು ಕೇಳುವ ಆ ಸಾಲು. ಅದು ನಿಜವಾದ ಕವಿಯದು, ಯುವಾನ್ ಹಾವ್‌ವೆನ್. 1205ರಲ್ಲಿ ಪರೀಕ್ಷೆಗೆಂದು ಹೋಗುತ್ತಿದ್ದ ಹುಡುಗ, ನಿನಗಿಂತ ಚಿಕ್ಕವನು, ಹದಿನೈದು ಹದಿನಾರು. ದಾರಿಯಲ್ಲಿ ಸಿಕ್ಕ ಬೇಟೆಗಾರ ಹೇಳಿದ: ಒಂದು ಕಾಡುಬಾತನ್ನು ಕೊಂದೆ, ಬಲೆ ತಪ್ಪಿಸಿಕೊಂಡ ಅದರ ಜೊತೆಗಾರ ಹಕ್ಕಿ ಹಾರಿ ಹೋಗದೆ ಅರಚುತ್ತ ಸುತ್ತಿ, ನೆಲಕ್ಕೆ ಅಪ್ಪಳಿಸಿ ಸತ್ತಿತು ಅಂತ. ನಮಗೆ ವಾಲ್ಮೀಕಿಯ ಕ್ರೌಂಚ ನೆನಪಾಗುವುದಿಲ್ಲವೇ? ಈ ಹುಡುಗ ಶಾಪ ಹಾಕಲಿಲ್ಲ. ದುಡ್ಡು ಕೊಟ್ಟು ಎರಡೂ ಹಕ್ಕಿ ಕೊಂಡ, ಫೆನ್ ನದಿಯ ದಡದಲ್ಲಿ ಹೂಳಿದ, ಮೇಲೆ ಕಲ್ಲು ಪೇರಿಸಿ ಗುರುತಿಟ್ಟ, ಪದ್ಯ ಬರೆದ, ತನ್ನ ದಾರಿ ಹಿಡಿದ. ಸ್ಟೇಟಸ್ ತೆಗೆ ಅಂತ ನಾನು ಹೇಳುವುದಿಲ್ಲ. ಇರಲಿ, ಒಳ್ಳೆಯ ಪದ್ಯ.

ಆ ಹುಡುಗಿ ನಿನಗೆ ಆಸೆ ತೋರಿಸಿದಳೋ ಇಲ್ಲವೋ ನಾನು ಕೇಳುವುದಿಲ್ಲ. ತೋರಿಸಿದ್ದರೂ ಮನಸ್ಸು ಬದಲಾಯಿಸಿಕೊಳ್ಳುವ ಹಕ್ಕು ಅವಳದ್ದೇ. ನಿನಗೆ ನೋವಾಗಿದೆ, ಆಗಲಿ. ಇಷ್ಟು ದಿನದೊಳಗೆ ಮರಿ ಅಂತ ಗಡುವು ಕೊಡಲು ನಾನು ಯಾರು. ಅವಳಿಗೆ ಮೆಸೇಜ್ ಮಾಡಬೇಡ, ಅವಳ ಗೆಳತಿಯರನ್ನು ಕೇಳಬೇಡ. ಬ್ಯಾಗ್ ಗುದ್ದುವುದಾದರೆ ಕೈಗೆ ಪಟ್ಟಿ ಸುತ್ತಿಕೊ. ತರಗತಿಗೆ ಬೇರೆ ಬ್ಯಾಚಿನಲ್ಲಾದರೂ ಸೇರು, ಎದುರಿಗೆ ಯಾರಾದರೂ ನಿಲ್ಲುವಂಥ ಕಡೆ.

ನಾನು ಕೊನೆಗೆ ಆ ಬಸ್ಸು ಹತ್ತಿದ್ದು ಪರೀಕ್ಷೆಯ ದಿನ, ಬೇರೆ ಬಸ್ಸು ಕೆಟ್ಟಿತ್ತು. ಕಂಡಕ್ಟರ್ ಏನೂ ಕೇಳದೆ ಟಿಕೆಟ್ ಹರಿದುಕೊಟ್ಟ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಭಾನುವಾರ ಬಾ. ಆ ಜೋಡಿ ವರಸೆ ಹೇಗಿರುತ್ತದೆ ಅಂತ ತೋರಿಸು. ಮಂಡಿ ಒಪ್ಪಿದರೆ ಎದುರಿಗೆ ನಾನೇ ನಿಲ್ಲುತ್ತೇನೆ, ನಿಧಾನಕ್ಕೆ ಆಡಬೇಕು ಅಷ್ಟೇ.

ಇಂತು ನಿನ್ನ
ಅತ್ತೆ