ಕುಂದಾಪುರದ ಗೆಳೆಯನಿಗೆ, ಮುಳುಗದ ಮುಂಬೈಯಿಂದ

ಮಾರಾಯ,

"ಟೀವಿಯಲ್ಲಿ ಮುಂಬೈ ಮುಳುಗಿದೆ, ನೀನು ತೇಲ್ತಾ ಇದ್ದೀಯಾ?" ಅಂತ ಕೇಳಿದ್ದೀಯಲ್ಲ, ತೇಲುವ ವಿಷಯದಲ್ಲಿ ನಮ್ಮಿಬ್ಬರಲ್ಲಿ ಯಾರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಗಂಗೊಳ್ಳಿಯ ಆ ದೋಣಿಗೆ ಗೊತ್ತು. ಅದಿರಲಿ.

ನಿನ್ನ ಚಿಕ್ಕಮ್ಮನಿಂದ ನಿನಗೆ, ನಿನ್ನಿಂದ ನನಗೆ ಬಂದ ಆ ಪ್ರವಾಹದ ವಿಡಿಯೋ ನೋಡಿದೆ. ಎಡಗಡೆಯಿಂದ ಒಂದು ಡಬಲ್ ಡೆಕರ್ ಬಸ್ಸು ನೀರು ಸೀಳಿಕೊಂಡು ಬರುತ್ತದಲ್ಲ, ಕಿಟಕಿ ತೆರೆದ ಹಳೇ ಕೆಂಪು ಬಸ್ಸು, ಅದು ಕೊನೆಯ ಸಲ ಓಡಿದ್ದು 2023ರ ಸೆಪ್ಟೆಂಬರ್ 15ಕ್ಕೆ. ಈಗಿನ ಡಬಲ್ ಡೆಕರ್‌ಗಳೆಲ್ಲ ಕರೆಂಟಿನವು, ಎಸಿ ಗಾಜು ಮುಚ್ಚಿಕೊಂಡೇ ಓಡುತ್ತವೆ. ಪಕ್ಕದಲ್ಲಿ ಬಾನೆಟ್ಟಿನ ತನಕ ಮುಳುಗಿದ ಪದ್ಮಿನಿ ಟ್ಯಾಕ್ಸಿ ಇದೆ. ಅದರ ಕಾಲವೂ ಅದೇ ವರ್ಷ ಅಕ್ಟೋಬರ್ ಕೊನೆಗೆ ಮುಗಿಯಿತು. ಅಂದರೆ ನೀನು ಗಾಬರಿಯಾದದ್ದು ಯಾವುದೋ ಹಳೇ ಮಳೆಗೆ. ಇನ್ನು ಮುಂದೆ ಇಂಥದ್ದು ಬಂದರೆ ನೀರನ್ನು ನೋಡಬೇಡ, ನೀರಿಗೆ ಎಲ್ಲ ವರ್ಷವೂ ಅದೇ ಚಹಾದ ಬಣ್ಣ. ಬಸ್ಸು ನೋಡು, ಟ್ಯಾಕ್ಸಿ ನೋಡು, ಅಂಗಡಿ ಬೋರ್ಡು ನೋಡು, ತಲೆ ಮೇಲೆ ಮೆಟ್ರೋ ಕಂಬ ಎದ್ದಿದೆಯೋ ಇಲ್ಲವೋ ನೋಡು.

"ಸರ್ಕಾರ ಹೇಳುವುದನ್ನು ನಂಬುವುದೋ, ನಿಮ್ಮ ಟೀವಿಯವರನ್ನೋ?" ಅಂತಲೂ ಕೇಳಿದ್ದಿ. ನಾನೂ ಟೀವಿ ಸುದ್ದಿಮನೆಯವನೇ, ಆದರೂ ಹೇಳುತ್ತೇನೆ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

2005ರ ಜುಲೈ 26. ಉತ್ತರದ ಉಪನಗರ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ 24 ಗಂಟೆಯಲ್ಲಿ ಕೊಲಾಬಾದಲ್ಲಿ 73. ಎರಡೂ ಹವಾಮಾನ ಇಲಾಖೆಯದೇ ಮಾಪಕ, ಎರಡೂ ನಿಜ. ಈಗ ಮಹಾರಾಷ್ಟ್ರ ಸರ್ಕಾರ ಕೂರುವ ಮಂತ್ರಾಲಯ ಎಲ್ಲಿದೆ, ಪಾಲಿಕೆಯ ಕೇಂದ್ರ ಕಚೇರಿ ಎಲ್ಲಿದೆ ಯೋಚಿಸು. ಎಲ್ಲ ಕೊಲಾಬಾ ಇರುವ ಆ ದಕ್ಷಿಣದ ತುದಿಯಲ್ಲಿ. ಆಳುವವರ ಕಿಟಕಿಯಾಚೆ ಛತ್ರಿ ಬಿಚ್ಚಿದರೆ ಸಾಕಾಗುವ ಮಳೆ, ಉಪನಗರದಲ್ಲಿ ಮೀಠೀ ನದಿ ಮನೆಯೊಳಗೆ. ಕರೆಂಟಿಲ್ಲ, ಫೋನ್ ಹತ್ತುತ್ತಿಲ್ಲ. ಎರಡು ದಿನ ಕಳೆದು, 28ರ ರಾತ್ರಿ, ಜುಹೂವಿನ ನೆಹರೂ ನಗರದಲ್ಲಿ ಅಣೆಕಟ್ಟು ಒಡೆಯಿತು, ಸುನಾಮಿ ಬಂತು ಅಂತ ಗಾಳಿಸುದ್ದಿ ಹಬ್ಬಿತು. ಹಿಂದಿನ ಡಿಸೆಂಬರಿನ ಸುನಾಮಿ ಕಳೆದು ಆಗಿನ್ನೂ ಏಳೇ ತಿಂಗಳು. ಕತ್ತಲಲ್ಲಿ, ಕಿರುಗಲ್ಲಿಗಳಲ್ಲಿ ಜನ ಓಡಿದರು. ಕಾಲ್ತುಳಿತದಲ್ಲಿ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ವಾಟ್ಸ್ಯಾಪ್ ಇನ್ನೂ ಹುಟ್ಟಿರಲಿಲ್ಲ, ಗಮನಿಸು. ಎಲ್ಲ ಪಾಪವನ್ನೂ ಅದರ ತಲೆಗೆ ಕಟ್ಟುವವರಿಗೆ ನಾನು ಈ ತಾರೀಕು ಹೇಳುತ್ತಿರುತ್ತೇನೆ. ಅಧಿಕೃತ ಮಾತು ಕಿವಿಗೆ ಬೀಳದ ಕಡೆ ಮೊದಲು ಬಾಯಿ ಬಿಟ್ಟವನೇ ಸರ್ಕಾರ.

ಈಗ ಹೇಳುವವರಿಗೆ ಕೊರತೆ ಇಲ್ಲ. ತೊಂದರೆ ಇರುವುದು ಕೇಳುವಲ್ಲಿ. ರೆಡ್ ಅಲರ್ಟ್ ಅಂದರೆ ಅದು ಒಂದು ಜಿಲ್ಲೆಗೆ, ಒಂದು ಇಡೀ ದಿನಕ್ಕೆ. ಹನ್ನೆರಡು ಗಂಟೆಗೆ ಬಿಸಿಲು ಕಂಡ ಕೂಡಲೇ ನಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಕನ್ನಡಕ ಹಾಕಿದ ಸೂರ್ಯನ ಚಿತ್ರ ಬೀಳುತ್ತದೆ. ಆದರೆ ಇಲಾಖೆಯ ಮಳೆದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ. ನಡುರಾತ್ರಿ ಸುರಿದದ್ದೂ ಅದೇ ಲೆಕ್ಕಕ್ಕೆ. ಇನ್ನು 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕೂ ಮೇಲಿನದು. (ನಿಮ್ಮಲ್ಲಿ ಇದಕ್ಕೆ ಆಸಾಡಿ ಮಳೆಯ ಒಂದು ಬೆಳಗು ಅನ್ನುತ್ತಾರೆ, ಗೊತ್ತು, ಕೊಚ್ಚಿಕೊಳ್ಳಬೇಡ.) ಇವೆಲ್ಲ 24 ಗಂಟೆಯ ಲೆಕ್ಕ. ಇಲ್ಲಿಯ ಹಳೇ ಮೋರಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಲೆಕ್ಕದಲ್ಲಿ, ಅದೂ ಸಮುದ್ರ ಇಳಿತದಲ್ಲಿದ್ದರೆ. ಅದನ್ನು 50ಕ್ಕೆ ಏರಿಸುವ ಕೆಲಸ ನಡೆದೇ ಇದೆ. 70 ಮಿಲಿಮೀಟರ್ ಇಡೀ ದಿನ ಹನಿಸಿದರೆ ಚಪ್ಪಲಿ ನೆನೆಯುತ್ತದೆ. ಒಂದೇ ಗಂಟೆಯಲ್ಲಿ ಬಿದ್ದರೆ ದಾದರ್ ಕಡೆಯ ತಗ್ಗುಪ್ರದೇಶ ಹಿಂದ್‌ಮಾತಾ ಕೆರೆಯಾಗುತ್ತದೆ. ಅದಕ್ಕೇ ದಿನದ ಬಣ್ಣದ ಜೊತೆ, ಇಲಾಖೆ ಮುಂದಿನ ಮೂರು ಗಂಟೆಗಳಿಗೆಂದು ಕೊಡುವ ಮುನ್ಸೂಚನೆಯನ್ನೂ ನೋಡಬೇಕು, ಅದನ್ನು ಎಷ್ಟು ಹೊತ್ತಿಗೆ ಕೊಟ್ಟದ್ದು ಅನ್ನುವುದನ್ನೂ. ಬೆಳಿಗ್ಗೆ ಹತ್ತರದ್ದು ಸಂಜೆ ಐದಕ್ಕೆ ನಿನ್ನ ಕೈಗೆ ಬಂದರೆ ಅದು ಹಳಸಿದ ಸಾರು.

ಸಮುದ್ರದ ಭರತದ ಕಥೆ ಇನ್ನೂ ಚಂದ. 4.5 ಮೀಟರ್ ಮೀರುವ ಭರತಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಪ್ರಕಟಿಸುತ್ತದೆ, ತಾರೀಕು ಗಂಟೆ ಸಮೇತ. ಆಷಾಢ ಏಕಾದಶಿಯ ಹಾಗೆ ಮೊದಲೇ ಗೊತ್ತಿರುವ ದಿನ. ಆದರೂ ಪ್ರತಿ ಸಲ ಅದು 'ಬ್ರೇಕಿಂಗ್'. ಮಳೆ ಇಲ್ಲದಿದ್ದರೆ ಆ ಅಲೆ ಮರೀನ್ ಡ್ರೈವ್‌ನಲ್ಲಿ ಸೆಲ್ಫಿಯವರನ್ನು ಒದ್ದೆ ಮಾಡಿ ಹೋಗುತ್ತದೆ ಅಷ್ಟೇ. ಜೋರು ಮಳೆ ಅದೇ ಗಂಟೆಗೆ ಬಿದ್ದರೆ ಕೆಟ್ಟಿತು: ಸಮುದ್ರ ಒಳಗೆ ಬಾರದ ಹಾಗೆ ಮೋರಿಬಾಯಿಯ ಗೇಟು ಮುಚ್ಚಬೇಕು, ಒಳಗಿನ ನೀರನ್ನು ಪಂಪಿನಿಂದಲೇ ಎತ್ತಿ ಹಾಕಬೇಕು.

2020ರ ಜೂನ್ 3ರ ನಿಸರ್ಗ ಚಂಡಮಾರುತ ನೆನಪಿದೆಯಾ? ಮುಂಬೈಗೇ ಅಪ್ಪಳಿಸುತ್ತದೆ ಅಂತ ದಿನವಿಡೀ ಎಲ್ಲರೂ ಕಿರುಚಿದರು. ಅದು ಅಲಿಬಾಗಿನ ದಕ್ಷಿಣಕ್ಕೆ ದಡ ಹತ್ತಿತು. ರಾಯಗಡದಲ್ಲಿ ತೆಂಗು, ಅಡಿಕೆ ಬುಡಮೇಲು, ಮನೆಗಳ ಮೇಲೆ ಹಂಚೇ ಇಲ್ಲ. ಇಲ್ಲಿಯವರು ಮಾತ್ರ "ಏನೂ ಆಗಲಿಲ್ಲ, ಎಲ್ಲ ಸುಳ್ಳು" ಅಂತ ನಕ್ಕರು. ಮರುವರ್ಷ ಮೇ 17ಕ್ಕೆ ತೌಕ್ತೆ, ನಿಮ್ಮ ಕರಾವಳಿಯನ್ನು ಕಾಡಿಯೇ ಬಂದದ್ದು. ಅದು ಇಲ್ಲಿ ದಡ ಹತ್ತದೆ ದೂರದಲ್ಲೇ ಹಾದುಹೋಯಿತು, ಆದರೂ ಸಾಂತಾಕ್ರೂಜ್‌ನಲ್ಲಿ 230 ಮಿಲಿಮೀಟರ್, ಮೇ ತಿಂಗಳಲ್ಲಿ!

ಇಲ್ಲಿಯ ತನಕ ಮೇಷ್ಟ್ರ ಹಾಗೆ ಬರೆದೆ. ಈಗ ಕತ್ತರಿಯ ವಿಷಯ.

ಇಲಾಖೆಯಿಂದ ಬರುವ ವಾಕ್ಯ ಹೀಗಿರುತ್ತದೆ: "ಭಾರಿ ಮಳೆ, ಕೆಲವು ಕಡೆಗಳಲ್ಲಿ ಮಾತ್ರ ಅತಿ ಭಾರಿ ಮಳೆಯ ಸಾಧ್ಯತೆ." ಪರದೆಯ ಕೆಳಗೆ ಓಡುವ ಪಟ್ಟಿಗೆ ಅದು ಉದ್ದವಾಯಿತು. ಮೊದಲು ಹೋಗುವುದು 'ಸಾಧ್ಯತೆ'. ಆಮೇಲೆ 'ಕೆಲವು ಕಡೆಗಳಲ್ಲಿ ಮಾತ್ರ'. ಉಳಿಯುವುದು "ಮುಂಬೈಗೆ ಅತಿ ಭಾರಿ ಮಳೆ". ಒಂದಕ್ಷರ ಸುಳ್ಳು ಸೇರಿಸಿಲ್ಲ ನೋಡು. ಮಾರನೇ ದಿನ ಬಿಸಿಲು ಬಿದ್ದರೆ ಜನ ಬೈಯುವುದು ಇಲಾಖೆಯನ್ನು; ಕತ್ತರಿ ನನ್ನ ಮೇಜಿನ ಮೇಲೆ, ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಎಷ್ಟು ವರ್ಷ ಆಡಿಸಿದ್ದೇನೆ ಅಂತ ಲೆಕ್ಕ ಹಾಕಲು ಹೋಗಿಲ್ಲ. ಇನ್ನೂ ಒಂದಿದೆ. ರೆಡ್ ಅಲರ್ಟ್ ಹಾಕಿ ಮಳೆ ಬಾರದ ದಿನ ಸಮಾಧಾನ ಆಗಬೇಕಲ್ಲ? ಆಗುವುದಿಲ್ಲ. ಸಣ್ಣಗೆ ಮೋಸ ಹೋದ ಹಾಗೆ ಅನಿಸುತ್ತದೆ. ಮೋರಿ ಪಕ್ಕ ಮನೆ ಇರುವವರು ಆ ರಾತ್ರಿ ಒಣ ನೆಲದಲ್ಲಿ ಮಲಗಿದರು ಅನ್ನುವುದು ಆಮೇಲೆ ಹೊಳೆಯುತ್ತದೆ, ಯಾವಾಗಲೂ ಆಮೇಲೆಯೇ.

ಇದು ನಿನಗೆ ಮಾತ್ರ ಹೇಳಿದ್ದು. ನಿನಗೆ ಮತ್ತು ಇಲ್ಲಿ ಇಣುಕುವ ಇನ್ನೊಂದಷ್ಟು ಮಂದಿಗೆ. ಲೈಕ್ ಒತ್ತುವವರು ಈ ಪ್ಯಾರಾ ಬಿಟ್ಟು ಒತ್ತಬೇಕಾಗಿ ವಿನಂತಿ.

ನಾನು ಯಾರನ್ನು ನಂಬುತ್ತೇನೆ ಅಂತ ಕೇಳುತ್ತೀಯಲ್ಲ? ಬೆಳಿಗ್ಗೆ ಹಾಲಿನವನ ಕಾಲು ನೋಡುತ್ತೇನೆ. ಪ್ಯಾಂಟು ಪಾದದ ಗಂಟಿನ ತನಕ ಮಡಚಿದ್ದರೆ ಸ್ಟೇಷನ್ನಿಗೆ ರಿಕ್ಷಾ ಸಿಗುತ್ತದೆ. ಮೊಣಕಾಲು ಕಂಡರೆ ಆಫೀಸಿಗೆ ಫೋನ್ ಮಾಡುತ್ತೇನೆ. ಅವನಿಗೆ ಪಟ್ಟಿ ಓಡಿಸುವ ಕೆಲಸ ಇಲ್ಲ.

ಆ ವಿಡಿಯೋ ಕಳಿಸಿದ ನಿನ್ನ ಚಿಕ್ಕಮ್ಮನಿಗೆ ಬಸ್ಸಿನ ವಿಷಯ ಹೇಳು. ನಂಬದಿದ್ದರೆ ಟೀವಿಯವನೇ ಹೇಳಿದ್ದು ಅಂತ ಮಾತ್ರ ಹೇಳಬೇಡ, ಇದ್ದದ್ದೂ ಹೋಗುತ್ತದೆ. ಹಾಂ, ಛತ್ರಿ ಮತ್ತೆ ಲೋಕಲ್‌ನಲ್ಲಿ ಬಿಟ್ಟೆ.

ನಿನ್ನ,
ತೇಲುತ್ತಿರುವವ