ಕ್ರೋಮ್ ಹಾಕಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಂಪರ್, ಗ್ರಿಲ್, ಬಾಗಿಲ ಹಿಡಿಕೆಗೆ ಕ್ರೋಮ್ ಹಾಕಿಸಲು ಹೆಸರು ಕೊಟ್ಟವರು ಭಾನುವಾರ ಬೆಳಿಗ್ಗೆ 10ರೊಳಗೆ ಸಾಮಾನು ತಂದುಕೊಡಿ. ಎಲ್ಲರದ್ದೂ ಒಟ್ಟಿಗೆ ಕಳಿಸೋಣ. ಉಳಿದವರು ಸದ್ಯಕ್ಕೆ ಏನೂ ತರಬೇಕಿಲ್ಲ.

ಯಾವ ಕ್ರೋಮ್ ಅಂಗಡಿಗೆ ಕೊಡೋದು ಅಂತ ಇನ್ನೂ ಪಕ್ಕಾ ಆಗಿಲ್ಲ. ಮೊದಲೇ ಮಾಡಿಸಿದವರು ದಯವಿಟ್ಟು ಈಗಿನ ಫೋಟೋ ಹಾಕಿ. ಹೊಸದರಲ್ಲಿ ಎಲ್ಲ ಅಂಗಡಿಯವರ ಕೆಲಸವೂ ಮಿಂಚುತ್ತೆ, ಅಲ್ವಾ? ಒಂದೆರಡು ವರ್ಷ ಕಳೆದ ಮೇಲೆ ಅಂಚಿನಲ್ಲಿ ಸಿಪ್ಪೆ ಎದ್ದಿದೆಯಾ, ಬೋಲ್ಟ್ ತೂತಿನ ಸುತ್ತ ತುಕ್ಕು ಬಂದಿದೆಯಾ ಅನ್ನೋದೇ ಮುಖ್ಯ.

ಮೇಲಿನ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ್ದು ಇಷ್ಟೇ: ಕ್ರೋಮ್ ಕೆಳಗೆ ತಾಮ್ರ, ನಿಕ್ಕಲ್ ಎರಡೂ ಹಾಕುತ್ತೀರಾ, ಪಾಲಿಶ್ ಯಾರು ಮಾಡುತ್ತಾರೆ? ಕ್ರೋಮ್ ಯಾವ ಗೀರನ್ನೂ ಮುಚ್ಚಲ್ಲ, ಎತ್ತಿ ತೋರಿಸುತ್ತೆ. ಪಾಲಿಶ್‌ಗೇ ಜಾಸ್ತಿ ದುಡ್ಡು ಹೋಗುತ್ತೆ, ಅಲ್ಲಿ ಚೌಕಾಸಿ ಬೇಡ. ತ್ಯಾಜ್ಯ ನೀರನ್ನು ಶುದ್ಧ ಮಾಡದೆ ಚರಂಡಿಗೆ ಬಿಡುವ ಅಂಗಡಿ ನಮಗೆ ಬೇಡವೇ ಬೇಡ.

ಕೊಡುವ ಮುಂಚೆ ರಬ್ಬರ್, ಗಾಜು, ಸ್ಕ್ರೂ ಬಿಚ್ಚಿ. ನೆಗ್ಗಿದ್ದರೆ, ಬಿರುಕಿದ್ದರೆ ಮೊದಲೇ ಸರಿ ಮಾಡಿಸಿ. ಎರಡೂ ಬದಿಯ ಫೋಟೋ ತೆಗೆದು, ಹೆಸರಿನ ತಗಡಿನ ಚೀಟಿಯನ್ನು ತಂತಿಯಿಂದ ಕಟ್ಟಿ. ಕಾಗದ ಅಂಟಿಸಿದರೆ ಅಂಗಡಿಯವರು ಸಾಮಾನು ಅದ್ದುವ ಆಸಿಡ್‌ನಲ್ಲಿ ಉಳಿಯಲ್ಲ. ಹಳೇ ಹಿಡಿಕೆ, ಲೈಟಿನ ರಿಂಗ್ ಸತುವಿನ ಎರಕದ್ದಾಗಿದ್ದರೆ ಬೇರೆ ಚೀಲದಲ್ಲಿ ಹಾಕಿ ಬರೆದಿಡಿ. ಅದು ಕಬ್ಬಿಣದಂತಲ್ಲ, ಆಸಿಡ್ ಬೇಗ ತಿಂದುಹಾಕುತ್ತೆ.

ಯಾರದ್ದು ಎಷ್ಟು ಪೀಸ್ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ, ಪಟ್ಟಿ ಬರೆಯಿರಿ.