ಫೈಬರ್‌ಗ್ಲಾಸ್ ವಿಮಾನಕ್ಕೆ ಕೂರಿಸಿದ ಆಂಟೆನಾ ಕೆಲಸ ಮಾಡುತ್ತಿಲ್ಲ, ಸರಿ ಮಾಡಿಕೊಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನೀವು ಮಾರಿ, ನೀವೇ ಕೂರಿಸಿಕೊಟ್ಟ ವಿಮಾನದ ರೇಡಿಯೋ (ವಿಎಚ್‌ಎಫ್) ಆಂಟೆನಾ ಬಗ್ಗೆ ದೂರು

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯ್ತು. ಪ್ರತಿ ಸಲ ಬೇರೆ ಯಾರೋ ಎತ್ತುತ್ತಾರೆ, ಮೊದಲಿಂದ ಕಥೆ ಹೇಳಬೇಕು, ಕೊನೆಗೆ 'ಟೆಕ್ನಿಕಲ್ ಟೀಮ್‌ಗೆ ಹೇಳ್ತೀವಿ ಸರ್' ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ.

ಮೈಸೂರಿನ ಹೂಟಗಳ್ಳಿಯ ಒಂದು ಶೆಡ್‌ನಲ್ಲಿ ನಾನೂ ಗೆಳೆಯರೂ ಕಿಟ್ ತರಿಸಿಕೊಂಡು ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಬಾಡಿ ಪೂರ್ತಿ ಫೈಬರ್‌ಗ್ಲಾಸ್. ಇದನ್ನು ಆರ್ಡರ್ ಕೊಡುವಾಗಲೇ ಇಮೇಲ್‌ನಲ್ಲಿ ಬರೆದು, ಫೋಟೋ ಸಹ ಕಳಿಸಿದ್ದೆವು. ಆಗ ಬಾಲದ ರೆಕ್ಕೆಯನ್ನು ಇನ್ನೂ ಮುಚ್ಚಿರಲಿಲ್ಲ, ಅದರೊಳಗೆ ನೆಟ್ಟಗೆ ಒಂದು ಡೈಪೋಲ್ (ಬುಡದಲ್ಲಿ ಲೋಹ ಬೇಡದ, ಎರಡು ತೋಳಿನ ಆಂಟೆನಾ) ಹಾಕಿದರೆ ಒಳ್ಳೆಯದಲ್ವಾ ಅಂತಲೂ ಕೇಳಿದ್ದೆವು. 'ಅದೆಲ್ಲ ಬೇಡ, ನಮ್ಮ ಆಂಟೆನಾ ಯಾವ ವಿಮಾನಕ್ಕಾದರೂ ಆಗುತ್ತದೆ, ನಮ್ಮವರೇ ಬಂದು ಫಿಟ್ ಮಾಡುತ್ತಾರೆ' ಅಂತ ನಿಮ್ಮಿಂದ ಉತ್ತರ ಬಂತು. ಆ ಇಮೇಲ್ ಇದರ ಜೊತೆಗಿದೆ, ದಯವಿಟ್ಟು ಓದಿ.

ನೀವು ಕಳಿಸಿದ್ದು ಕಾಲು ತರಂಗದ, ಅಂದರೆ ರೇಡಿಯೋ ತರಂಗದ ಉದ್ದದಲ್ಲಿ ಸುಮಾರು ಕಾಲು ಭಾಗ ಇರುವ ಕಡ್ಡಿ ಆಂಟೆನಾ. ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಜ್ ಒಳಗೆ. ಆ ಲೆಕ್ಕಕ್ಕೆ ಕಡ್ಡಿ 56–58 ಸೆಂಟಿಮೀಟರ್ ಇದ್ದರೆ ಸರಿ, ಇದೂ ಅಷ್ಟೇ ಇದೆ. ಕಡ್ಡಿಯ ಬಗ್ಗೆ ತಕರಾರಿಲ್ಲ. ಆದರೆ ಕಡ್ಡಿ ಅಂದರೆ ಅರ್ಧ ಆಂಟೆನಾ ಮಾತ್ರ, ಇನ್ನರ್ಧ ಅದರ ಬುಡದಲ್ಲಿರಬೇಕಾದ ಲೋಹ, ಅಂದರೆ ಗ್ರೌಂಡ್ ಪ್ಲೇನ್. ಅಲ್ಯುಮಿನಿಯಂ ವಿಮಾನಕ್ಕೆ ಅದರ ಬಾಡಿಯೇ ಆ ಕೆಲಸ ಮಾಡಿಕೊಡುತ್ತದೆ. ಫೈಬರ್‌ಗ್ಲಾಸ್‌ನಲ್ಲಿ ಹಾಗಾಗುವುದಿಲ್ಲ. ಒಳಗಿನಿಂದ ತಾಮ್ರದ ಪಟ್ಟಿಗಳನ್ನು, ಒಂದೊಂದೂ ಕಡ್ಡಿಯಷ್ಟೇ ಉದ್ದಕ್ಕೆ, ನಾಲ್ಕೂ ಕಡೆಗೆ ಹರಡಿ ಅಂಟಿಸಿ, ಅವು ಸೇರುವ ಕಡೆ ಕೇಬಲ್‌ನ ಹೊರ ಜಾಲರಿಯನ್ನು ಕೊಡಬೇಕು. ಬಂದ ಟೆಕ್ನಿಷಿಯನ್ ಕಾಕ್‌ಪಿಟ್ ಹಿಂದೆ ತೂತು ಕೊರೆದರು, ಒಂದು ದೊಡ್ಡ ವಾಷರ್ ಇಟ್ಟರು, ನಟ್ ಬಿಗಿದರು, ಟೀ ಕುಡಿದು ಹೊರಟರು. ಅಳೆಯುವ ಮೀಟರ್ ಕೂಡ ತಂದಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅಲ್ಲಿಯವರೆಗೆ ಮೊಬೈಲ್ ಟವರ್ ಕೆಲಸ ಮಾಡುತ್ತಿದ್ದವರಂತೆ. ಅವರನ್ನು ವಿಮಾನಕ್ಕೆ ಕಳಿಸಿದವರು ನೀವು.

ಈಗ ಮಾತಾಡಲು ಪಿಟಿಟಿ ಬಟನ್ ಒತ್ತಿದ ಕೂಡಲೇ ಹೆಡ್‌ಸೆಟ್‌ನಲ್ಲಿ ಕುಯ್ಯೋ ಅಂತ ಕೂಗುತ್ತದೆ, ಪೆಟ್ರೋಲ್ ಗೇಜಿನ ಮುಳ್ಳು ನೆಗೆಯುತ್ತದೆ. ಯಾಕೆ ಅಂತ ನಿಮಗೂ ಗೊತ್ತಿರಬೇಕು. ಗ್ರೌಂಡ್ ಪ್ಲೇನ್ ಸಿಗದಿದ್ದಾಗ ಕೇಬಲ್‌ನ ಹೊರಮೈಯೇ ಆಂಟೆನಾ ಆಗಿಬಿಡುತ್ತದೆ, ಆ ಕೇಬಲ್ ನಮ್ಮ ಸೀಟಿನ ಪಕ್ಕದಲ್ಲೇ ಹಾಯ್ದಿದೆ. ಮಂಡಕಳ್ಳಿ ಏರ್‌ಪೋರ್ಟಿಗೆ ಬರುವ ವಿಮಾನದವರ ಮಾತು ಇದಕ್ಕಿಂತ ನಮ್ಮ ಕೈ ಸೆಟ್‌ನ ಮೋಟು ರಬ್ಬರ್ ಆಂಟೆನಾದಲ್ಲೇ ಚೆನ್ನಾಗಿ ಕೇಳುತ್ತದೆ!

ನೀವು 'ರೇಡಿಯೋ ಸರಿ ಇಲ್ಲ' ಅಂದಿರಿ. ಸರಿ, ಅದನ್ನೂ ನೋಡಿದೆವು. ಆಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗಿಕೊಳ್ಳುವ ರೆಸಿಸ್ಟರ್) ಹಾಕಿದರೆ ಅದೇ ರೇಡಿಯೋದಲ್ಲಿ ಕೂಗೂ ಇಲ್ಲ, ಮುಳ್ಳೂ ಅಲುಗುವುದಿಲ್ಲ. ಆಮೇಲೆ ಹ್ಯಾಮ್ ರೇಡಿಯೋ ಗೆಳೆಯರೊಬ್ಬರು ನ್ಯಾನೊವಿಎನ್‌ಎ ಅನ್ನುವ ಆಂಟೆನಾ ಅಳೆಯುವ ಮೀಟರ್ ತಂದು ಅಳೆದರು. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದುತ್ತದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 118ರಲ್ಲಿ 5, ಉಳಿದ ಕಡೆ ಎಲ್ಲೂ 3ಕ್ಕಿಂತ ಕೆಳಗೆ ಇಳಿಯಲಿಲ್ಲ. 5 ಅಂದರೆ ಕಳಿಸಿದ ಪವರ್‌ನಲ್ಲಿ ಶೇಕಡಾ 44ರಷ್ಟು ರೇಡಿಯೋ ಕಡೆಗೇ ವಾಪಸ್ ಬರುತ್ತದೆ, 2 ಇದ್ದಿದ್ದರೆ ಬರುತ್ತಿದ್ದದ್ದು ಶೇಕಡಾ 11. ಅದೇ ಆಂಟೆನಾವನ್ನು ಬಿಚ್ಚಿ, ಶೆಡ್ ಮುಂದೆ ಅಲ್ಯುಮಿನಿಯಂ ಶೀಟ್ ಮೇಲೆ ಕೂರಿಸಿ ಅಳೆದಾಗ ಬ್ಯಾಂಡ್ ಪೂರ್ತಿ 2ರ ಒಳಗೇ ಇತ್ತು. ಇನ್ನೇನು ಸಾಕ್ಷಿ ಬೇಕು ನಿಮಗೆ?

ಕೇಬಲ್‌ದು ಇನ್ನೊಂದು ಕಥೆ. ಬಿಲ್‌ನಲ್ಲಿ ಆರ್‌ಜಿ-400 ಅಂತಿದೆ, ದುಡ್ಡೂ ಅದಕ್ಕೇ ಕೊಟ್ಟಿದ್ದೇವೆ. ತುದಿ ಕತ್ತರಿಸಿ ನೋಡಿದರೆ ಒಂದೇ ಪದರದ ಜಾಲರಿ, ಮೇಲೆ ಕಪ್ಪು ಪಿವಿಸಿ, ಸೋಲ್ಡರಿಂಗ್ ಐರನ್ ತಾಗಿದರೆ ಕರಗುವ ಬಿಳಿ ಪ್ಲಾಸ್ಟಿಕ್. ಇದು ಸಾಮಾನ್ಯ ಆರ್‌ಜಿ-58. ಆರ್‌ಜಿ-400ರಲ್ಲಿ ಬೆಳ್ಳಿ ಲೇಪದ ಜಾಲರಿ ಎರಡು ಪದರ ಇರುತ್ತದೆ, ಒಳಗೆ ಟೆಫ್ಲಾನ್ ಇರುತ್ತದೆ. ಸಿಗ್ನಲ್ ಲಾಸ್ ಹಾಗಿರಲಿ, ಬೆಂಕಿ ತಾಗಿದರೆ ಪಿವಿಸಿ ಹೊಗೆ ಕಾಕ್‌ಪಿಟ್ ತುಂಬುತ್ತದೆ, ಅಲ್ಲಿ ಕಿಟಕಿ ತೆಗೆದು ಇಳಿದು ಹೋಗೋಕಾಗಲ್ಲ. ಇದನ್ನು ಅಕ್ಕಿಗೆ ಕಲ್ಲು ಬೆರೆಸಿದ ಹಾಗೆ ಅಂತ ಬಿಟ್ಟುಬಿಡಲು ನಾನು ತಯಾರಿಲ್ಲ.

ವಾಪಸ್ ತಗೊಳ್ಳಿ ಅಂದರೆ 'ತೂತು ಕೊರೆದು ಫಿಟ್ ಮಾಡಿದ ಮಾಲು ವಾಪಸ್ ಇಲ್ಲ' ಅನ್ನುತ್ತೀರಿ. ಕೊರೆದಿದ್ದು ಯಾರು ಸ್ವಾಮಿ? ನಿಮ್ಮ ಮಾತು ನಂಬಿ ಬಾಲದ ರೆಕ್ಕೆಯನ್ನೂ ಮುಚ್ಚಿ ಅಂಟಿಸಿದ್ದಾಯ್ತು. ಈಗ ಡೈಪೋಲ್ ಹಾಕಬೇಕು ಅಂದರೆ ಅದನ್ನು ಕೊಯ್ದು ತೆಗೆಯಬೇಕು, ಅದನ್ನು ನಾವು ಮಾಡುವುದಿಲ್ಲ. ನನಗೆ ಆಂಟೆನಾ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ, ಸರಿಯಾದ ಹೊತ್ತಿಗೆ ಕೇಳಿದ್ದೆವು, ನೀವು ಬೇಡ ಅಂದಿರಿ.

ಈಗ ಹೀಗೆ ಮಾಡಿ. ಬಿಲ್‌ನಲ್ಲಿರುವ ಆರ್‌ಜಿ-400 ಕೇಬಲ್ಲನ್ನೇ ಎಳೆದುಕೊಡಿ, ತಾಮ್ರದ ಗ್ರೌಂಡ್ ಪ್ಲೇನ್ ಹಾಕಿ, 118ರಿಂದ 137ರವರೆಗಿನ ಎಸ್‌ಡಬ್ಲ್ಯೂಆರ್ ಅಳತೆಯನ್ನು ಸಹಿ ಹಾಕಿ ಕೊಡಿ. ಇದಕ್ಕೆ ಒಂದು ರೂಪಾಯಿಯೂ ಕೊಡುವುದಿಲ್ಲ. ಆಗಲ್ಲ ಅಂದರೆ ಆಂಟೆನಾ, ಕೇಬಲ್, ಫಿಟಿಂಗ್ ಚಾರ್ಜ್ ಎಲ್ಲ ವಾಪಸ್ ಕೊಡಿ, ತೂತು ಮುಚ್ಚಿಸುವ ಖರ್ಚೂ ನಿಮ್ಮದೇ.

ಈ ಪತ್ರ ತಲುಪಿ 15 ದಿನದೊಳಗೆ ಉತ್ತರ ಬರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮಾರಾಟ ಬೆಂಗಳೂರಿನಲ್ಲಿ ಆಗಿದ್ದು, ಕೇಸ್ ಅಲ್ಲೇ ಹಾಕಬೇಕು ಅಂತ ನಿಮ್ಮವರೊಬ್ಬರು ಫೋನ್‌ನಲ್ಲಿ ಹೆದರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ಇರುವ ಊರಲ್ಲೇ ಕೊಡಬಹುದು, ಅವರಿಗೂ ಸ್ವಲ್ಪ ತಿಳಿಸಿ. ವಿಮಾನ ನಮ್ಮ ಸ್ವಂತಕ್ಕೆ, ಬಾಡಿಗೆಗೆ ಅಲ್ಲ, ಹಾಗಾಗಿ ನಾವು ಗ್ರಾಹಕರೇ ಅಲ್ಲ ಅನ್ನೋ ಹಾಗಿಲ್ಲ.

ಜನ ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ. ಈ ಸಲ ಮೀಟರ್ ಕೈಯಲ್ಲಿ ಹಿಡಿದೇ ಬರಲಿ.

ಇಂತಿ,
ನಿಮ್ಮ ಗ್ರಾಹಕ, ಹೂಟಗಳ್ಳಿ, ಮೈಸೂರು

ಜೊತೆಗೆ: ಬಿಲ್, ಇಮೇಲ್‌ಗಳು, ಕತ್ತರಿಸಿದ ಕೇಬಲ್‌ನ ಫೋಟೋ, ಎರಡೂ ಅಳತೆಗಳ ಚಿತ್ರ